ಙ ಅಕ್ಷರಕ್ಕೆ ಕೆಲಸ ಕೊಟ್ಟವರು

ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಬಿಟ್ಟ ಙ ಎಂಬ ಅಕ್ಷರ ಮತ್ತೆ ನನ್ನ ಕಣ್ಣಿಗೆ ಬಿದ್ದದ್ದು ನೈರೋಬಿಯಲ್ಲಿ, ಒಂದು ರೇಡಿಯೋ ಸ್ಟೇಷನ್ನಿನ ಸುದ್ದಿಮನೆಯಲ್ಲಿ. ಅಷ್ಟರಲ್ಲಿ ನನ್ನ ಓದು ಮುಗಿದು, ಬೆಂಗಳೂರಿನ ಎರಡು ಕಂಪನಿ ಮುಗಿದು, ತಲೆಯ ಮುಂಭಾಗದ ಕೂದಲೂ ಮುಗಿದಿತ್ತು. ನಮ್ಮ ವರ್ಣಮಾಲೆಯಲ್ಲಿ ಙ ಮತ್ತು ಞ ಹಾಜರಿ ಹಾಕಿ ಸುಮ್ಮನೆ ಕೂರುವವರು. ಞ ಆದರೂ ಜ್ಞಾನ, ವಿಜ್ಞಾನಗಳ ಕಾಲಡಿ ಒತ್ತಾಗಿ ಹೊಟ್ಟೆ ಹೊರೆಯುತ್ತದೆ. ಙಕಾರಕ್ಕೆ ಪಂಡಿತರು ಯಾವಾಗಲೋ ವಾಙ್ಮಯ ಎಂದು ಬರೆದ ದಿನ ಮಾತ್ರ ಕೂಲಿ. ಇಬ್ಬರಿಗೂ ಕಾಯಂ ಕೆಲಸ ಕೊಟ್ಟವರು ಮೈಸೂರಿನ ಒಬ್ಬ ಹೆಂಗಸು, ನಮ್ಮ ಸ್ಟೇಷನ್ನಿನಲ್ಲಿ ಬುಲೆಟಿನ್ ತಿದ್ದುವ ಸಂಪಾದಕಿ.

ಹೋದ ತಿಂಗಳು ಅವರು ತೀರಿಕೊಂಡರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಮಗಳು ಬೇಡವೆಂದಿಲ್ಲ, ನನಗೇ ಬೇಡವೆನಿಸಿತು. ಹೆಸರು ಅಂದರೆ ಬಾಯಿಬಿಟ್ಟು ಕರೆಯುವುದು, ಅಚ್ಚು ಹಾಕುವುದೆಲ್ಲ ಆಮೇಲಿನ ಮಾತು ಎನ್ನುವುದು ಅವರ ವಾದ. ಆ ಹೆಸರಿನ ನಡುವೆ ಒಂದು ಳ ಇತ್ತು ಎಂದಷ್ಟೇ ಹೇಳಿದರೆ ಸಾಕು.

ನಾನು ಟೆಲಿಕಾಂ ಕೆಲಸಕ್ಕೆಂದು ಈ ದೇಶಕ್ಕೆ ಬಂದವನು. ಆ ಕಂಪನಿ ಕೈ ಬದಲಾದಾಗ ಊರಿಗೆ ಮರಳಲು ಮನಸ್ಸಾಗದೆ ರೇಡಿಯೋಕ್ಕೆ ಇಂಜಿನಿಯರಾಗಿ ಸೇರಿದೆ. ಅದು ಬರೀ ಸುದ್ದಿಯ ರೇಡಿಯೋ. ಹಾಡಿಲ್ಲ, ಹರಟೆಯಿಲ್ಲ. ಇಂಗ್ಲಿಷಿನಲ್ಲಿ ಸುದ್ದಿ, ಸ್ವಾಹಿಲಿಯಲ್ಲಿ ಸುದ್ದಿ, ನಡುವೆ ಮಳೆ, ರಸ್ತೆ, ಸಂಸತ್ತಿನ ಜಗಳ, ಮತ್ತೆ ಮೊದಲಿನಿಂದ ಸುದ್ದಿ. ಬೆಳಿಗ್ಗೆ ಸೌತ್ ಬಿ ಬಡಾವಣೆಯ ನಮ್ಮ ಮನೆಯಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅಕ್ಕಪಕ್ಕದ ಮಟಾಟು ಎಂಬ ಬಾಡಿಗೆ ವ್ಯಾನುಗಳಿಂದಲೂ ಸಾಹುಕಾರರ ಗಿಗಿರಿ ಕಡೆ ಹೊರಟ ದೊಡ್ಡ ಕಾರುಗಳಿಂದಲೂ ನಮ್ಮದೇ ಸ್ಟೇಷನ್ ಕೇಳುತ್ತಿತ್ತು. ಆಗ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಸೇರಿದ ಹೊಸದರಲ್ಲಿ ನನ್ನ ಸ್ವಾಹಿಲಿ ತರಕಾರಿ ಅಂಗಡಿಯಿಂದ ಆಚೆಗೆ ಹೋಗುತ್ತಿರಲಿಲ್ಲ. ಸುದ್ದಿಯಲ್ಲಿ ಉತ್ತರದ ಕಡೆಯಿಂದ ಮೇಲಿಂದ ಮೇಲೆ ಗೊಂಬೆ ಕಳ್ಳತನದ ವರದಿ ಬರುತ್ತಿತ್ತು. ಬಂದೂಕು ಹಿಡಿದು ಬಂದರಂತೆ, ನೂರಾರು ಗೊಂಬೆ ಹೊಡೆದುಕೊಂಡು ಹೋದರಂತೆ. ಒಂದು ದಿನ ಚಹಾದ ಹೊತ್ತಿನಲ್ಲಿ ಮೇಡಂ ಹತ್ತಿರ, ಈ ದೇಶದಲ್ಲಿ ಗೊಂಬೆಗೆ ಇಷ್ಟು ಬೇಡಿಕೆಯೇ ಎಂದು ಕೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಗೊಂಬೆ ಅಲ್ಲ ರೀ, ಙೊಂಬೆ. ಙೊಂಬೆ ಅಂದ್ರೆ ದನ. ಕ ಖ ಗ ಘ ಆದ್ಮೇಲೆ ಏನ್ ಬರುತ್ತೆ? ಅದೇ. ಮೇಷ್ಟ್ರು ಸುಮ್ನೆ ಕಲಿಸಿರ್ಲಿಲ್ಲ ನೋಡಿ.”

ಅದೇ ದಿನ ಇನ್ನೊಂದು ಗುಟ್ಟೂ ಹೊರಬಿತ್ತು. ಗೇಟಿನಲ್ಲಿ ಕೂರುವ ಅಸ್ಕಾರಿಯನ್ನು, ಅಂದರೆ ಕಾವಲುಗಾರನನ್ನು, ನಾನು ದಿನವೂ ಗಂಗಾ ಎಂದು ಕರೆಯುತ್ತಿದ್ದೆ. ಅವನ ಹೆಸರು ಙಾಙಾ. ಮೀಸೆಯ ಗಂಡಸು, ಹೆಂಗಸಿನ ಹೆಸರು ಹೊತ್ತುಕೊಂಡೂ ನನಗೆ ಸಲಾಂ ಹೊಡೆಯುತ್ತಿದ್ದ. ಮರುದಿನ ಮೂಗಿನ ಬುಡದಿಂದ ಸ್ವರ ತೆಗೆದು ಙಾಙಾ ಎಂದು ಕರೆದೆ. ಅವನು ಕುರ್ಚಿಯಿಂದ ಎದ್ದು ನಿಂತು ನನ್ನ ಕೈ ಕುಲುಕಿದ.

ನಮ್ಮ ಜನಕ್ಕೆ ಈ ಊರಿನ ಹೆಸರುಗಳ ಜೊತೆ ಹಳೇ ಜಗಳ. ನ್ಗಾರಾ ಎಂಬ ಬಡಾವಣೆ ನಮ್ಮವರ ಬಾಯಲ್ಲಿ ನಗರವಾಗುತ್ತದೆ, ಇಲ್ಲವೇ ನಗಾರಿ. ಆದರೆ ಮೇಡಂ ಸಿಡುಕುತ್ತಿದ್ದದ್ದು ನಮ್ಮ ಮೇಲಲ್ಲ, ಇಂಗ್ಲಿಷಿನ ಮೇಲೆ. ಆ ಲಿಪಿಯಲ್ಲಿ ಕೀನ್ಯಾದ ಹೆಸರು ಬರೆಯುವುದೆಂದರೆ ಸಾಂಬಾರನ್ನು ತಟ್ಟೆಯಿಲ್ಲದೆ ಬಡಿಸಿದ ಹಾಗೆ ಎನ್ನುತ್ತಿದ್ದರು. ಅದಕ್ಕೇ ಬುಲೆಟಿನ್ನಿನ ಇಂಗ್ಲಿಷ್ ಪ್ರತಿಯಲ್ಲಿ ಪ್ರತಿ ಹೆಸರಿನ ನೆತ್ತಿಯ ಮೇಲೂ ಪೆನ್ಸಿಲಿನಿಂದ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಙ ಬಂತು, ಞ ಬಂತು, ಹ್ರಸ್ವ ದೀರ್ಘ ಬಂತು. ಸುದ್ದಿಮನೆಯಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ. ಮಿಕ್ಕವರು ಅದನ್ನು ಮಾಮಾ ಬಿಡಿಸುವ ರಂಗೋಲಿ ಎನ್ನುತ್ತಿದ್ದರು.

ಅವರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ಇಲ್ಲಿ ತಾಯಿಯಾದವಳನ್ನು ಮಗುವಿನ ಹೆಸರಿನಿಂದ ಕರೆಯುವುದು ರೂಢಿ. ಮಗಳು ಅನು, ಆದ್ದರಿಂದ ಇವರು ಮಾಮಾ ಅನು, ಅಂದರೆ ಅನುವಿನ ಅಮ್ಮ. ಮಗಳು ಹುಟ್ಟಿದ ಹೊಸದರಲ್ಲಿ ಬೀದಿಯ ಹೆಂಗಸರೆಲ್ಲ ತನ್ನನ್ನು ಸೋದರಮಾವ ಮಾಡಿಬಿಟ್ಟರಲ್ಲ ಎಂದು ಅತ್ತದ್ದನ್ನು ಅವರೇ ಹೇಳಿ ನಗುತ್ತಿದ್ದರು.

ಸೀರೆಯ ಮೇಲೆ ಗಂಡಸರ ಬೂದು ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ಜುಲೈ ತಿಂಗಳ ಚಳಿಯಲ್ಲಿ ಕಿವಿಗೊಂದು ಮಫ್ಲರ್. ಸ್ವೆಟರ್ ಅವರ ಗಂಡನದು. ಗಂಡ ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ನಾನು ಸೇರುವ ಮೊದಲೇ ತೀರಿಹೋಗಿದ್ದರು. ಅವರ ಬಗ್ಗೆ ಮೇಡಂ ಹೆಚ್ಚು ಮಾತಾಡುತ್ತಿರಲಿಲ್ಲ. ಕೇಳಿದರೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಒಳ್ಳೆಯವರು ಕಣ್ರೀ ಎಂದು ಮುಗಿಸುತ್ತಿದ್ದರು.

ಒಂದು ಹೆಸರು ಗೊತ್ತಾಗದಿದ್ದರೆ ಮೇಡಂ ಫೋನೆತ್ತುತ್ತಿದ್ದರು. ಕಿಸುಮು ಕಡೆಯ ಹೆಸರಾದರೆ ನ್ಗಾರಾದ ಒಬ್ಬ ಟೈಲರ್, ಸೊಮಾಲಿ ಹೆಸರಾದರೆ ಬಟ್ಟೆಯ ಸಗಟು ವ್ಯಾಪಾರಿ, ಕರಾವಳಿಯದಾದರೆ ಸೌತ್ ಬಿಯ ನಿವೃತ್ತ ಮೇಷ್ಟರು. ಫೋನಿನಲ್ಲಿ ಕ್ಷೇಮಸಮಾಚಾರವೆಲ್ಲ ಆಗಬೇಕು, ಟೈಲರನ ಹೆಂಡತಿಯ ಮಂಡಿನೋವು ವಿಚಾರಿಸಬೇಕು, ಆಮೇಲೆ ಹೆಸರು. ಅವರು ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳಿ, ತಾವೂ ಹೇಳಿ, ದೀರ್ಘ ಬಂದ ಕಡೆ ಮೇಜಿನ ಮೇಲೆ ಬೆರಳು ಎಳೆಯುತ್ತಿದ್ದರು. ಈಚೆ ಬುಲೆಟಿನ್ನಿಗೆ ಹೊತ್ತಾಗಿ ನಮಗೆಲ್ಲ ಬೆವರು. ಯಾರಾದರೂ ಅವಸರ ಮಾಡಿದರೆ ಸಿದ್ಧ ಉತ್ತರವಿತ್ತು. ಪೋಲೆ ಅಂದರೆ ಸಾರಿ, ಪೋಲೆ ಪೋಲೆ ಅಂದರೆ ನಿಧಾನ. ಎರಡನೆಯದು ಮಾಡಿದರೆ ಮೊದಲನೆಯದು ಹೇಳಬೇಕಾಗಿ ಬರುವುದಿಲ್ಲ.

ಹೆಸರಿನ ಬಗ್ಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. ರೇಡಿಯೋದಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಹೆಸರು ಬರುವುದು ಜನ್ಮಕ್ಕೆ ಒಂದೇ ಸಲ, ಅದೂ ಹೆಚ್ಚಾಗಿ ಸತ್ತಾಗ ಎಂದರು. “ಆ ಹೆಸರು ಕೇಳಿದ್ರೆ ಅಡಿಗೆಮನೇಲಿರೋ ಅವರಮ್ಮ ತಿರುಗಿ ನೋಡ್ಬೇಕು ಕಣ್ರೀ. ಅಷ್ಟೇ ನನ್ನ ಟೆಸ್ಟು.”

ಮೈಕಿನ ಮುಂದೆ ಮಾತ್ರ ಅವರು ಕೂರಲೊಲ್ಲರು. ಮೈಸೂರಿನ ಬಾಯಲ್ಲಿ ವಿ, ಡಬ್ಲ್ಯು ಎರಡೂ ಒಂದೇ, ವಾಂಜಿರು ಎಂಬ ಹೆಸರು ಹೇಳಲು ಹೋದರೆ ಮೊದಲು ವ್ಯಾನ್ ಬರುತ್ತದೆ ಎಂದು ತಮ್ಮನ್ನೇ ಆಡಿಕೊಳ್ಳುತ್ತಿದ್ದರು. ಓದುತ್ತಿದ್ದವಳು ಞಂಬುರಾ. ಎತ್ತರದ ಹುಡುಗಿ, ತಣ್ಣನೆಯ ದನಿ, ಕಿಕುಯು ಜನಾಂಗದ ಮನೆಯವಳು. ತನ್ನ ಸೀಮೆಯ ಹೆಸರು ನೀರು ಕುಡಿದಷ್ಟು ಸುಲಭ, ಬೇರೆ ಸೀಮೆಯದು ಬಂದರೆ ಕಲ್ಲು ಸಿಕ್ಕಿದ ಹಾಗೆ ನಿಲ್ಲುತ್ತಿದ್ದಳು. ಅವಳಿಗಾಗಿ ಮೇಡಂ ನನ್ನಿಂದ ಒಂದು ವ್ಯವಸ್ಥೆ ಮಾಡಿಸಿಕೊಂಡರು. ಗಾಜಿನ ಈಚೆ ಒಂದು ಗುಂಡಿ. ಒತ್ತಿ ಮಾತಾಡಿದರೆ ಅದು ಓದುವವಳ ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತದೆ. ಞಂಬುರಾ ಸಾಲು ಓದುತ್ತಾ ಬರುವಳು, ಹೆಸರು ಇನ್ನೇನು ಬರಬೇಕು ಎನ್ನುವಾಗ ಒಂದು ಉಸಿರಿನಷ್ಟು ಮುಂಚೆ ಮೇಡಂ ಕಿವಿಯಲ್ಲಿ ಹೇಳುವರು. ಅವಳು ಅದನ್ನೇ ಹೇಳುವಳು. ಕೇಳುವವರಿಗೆ ಏನೂ ತಿಳಿಯದು. ವಿ, ಡಬ್ಲ್ಯು ಗಲಾಟೆಯನ್ನು ಮಾತ್ರ ಅವಳೇ ಸರಿಪಡಿಸಿಕೊಳ್ಳುತ್ತಿದ್ದಳು. ಈ ದೇಶದ ಹೆಸರುಗಳೆಲ್ಲ ಹೀಗೆ ಮೈಸೂರಿನ ಒಬ್ಬಾಕೆಯ ಪಿಸುಮಾತಿನ ಹಿಂದೆಯೇ ಗಾಳಿಗೆ ಹೋಗುತ್ತಿದ್ದವು.

ಇಷ್ಟೆಲ್ಲ ಮಾಡುವ ಹೆಂಗಸಿನ ಹೆಸರನ್ನು ಮಾತ್ರ ಇಡೀ ನೈರೋಬಿ ತಪ್ಪಾಗಿ ಹೇಳುತ್ತಿತ್ತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ದೇವಸ್ಥಾನದ ಅರ್ಚನೆಯಲ್ಲೂ ಳ ಇದ್ದ ಕಡೆ ಲ. ಅವರು ಯಾರನ್ನೂ ತಿದ್ದುತ್ತಿರಲಿಲ್ಲ. ಮಗಳು ಅನು ಕೂಡ ಲ ಎಂದೇ ಹೇಳುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊದಲಿಗೆ ನನಗೂ ಅನುಮಾನವಿತ್ತು. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ನೋಡಿ, ಇದು ಯಾವ ಲ ಮೇಡಂ ಎಂದು ಕೇಳಿದ್ದೆ.

“ದೊಡ್ಡ ಳ. ಮನೆಯವರು ಹೋದ್ಮೇಲೆ ಯಾರೂ ಹಾಗೆ ಕರೆದಿಲ್ಲ,” ಎಂದರು. ಹಾಗಾದರೆ ಇಲ್ಲಿನವರಿಗೆ ಹೇಳಿಕೊಡಬಹುದಲ್ಲ ಎಂದೆ. “ಬಿಡಿ, ನಂದೇನು ಸುದ್ದೀಲಿ ಬರೋ ಹೆಸ್ರಾ.”

ಆಮೇಲೆ ಸ್ಟೇಷನ್ನಿಗೆ ಸುಸ್ತು ಶುರುವಾಯಿತು. ಇಂಥ ದಿನವೆಂದು ಹೇಳಲಾರೆ. ಮೊದಲು ಕೋರ್ಟಿನ ವರದಿಗಾರ ಯಾವುದೋ ಎನ್‌ಜಿಒ ಸೇರಿಕೊಂಡ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಆಮೇಲೆ ಊರೂರಿನಿಂದ ಸುದ್ದಿ ಕಳಿಸುತ್ತಿದ್ದವರು ಒಬ್ಬೊಬ್ಬರೇ ಕಡಿಮೆಯಾದರು. ಜಾಹೀರಾತು ಕೊಡುತ್ತಿದ್ದ ಬ್ಯಾಂಕು, ಹಾಲು, ಸಿಮೆಂಟು ಎಲ್ಲ ಜನರ ಫೋನಿನೊಳಗೆ ಹೊರಟುಹೋದವು. ಉಳಿದದ್ದು ಬೆಟ್ಟಿಂಗ್ ಕಂಪನಿಗಳು, ಅವರಿಗೆ ಹಾಡು ಬೇಕು. ದಿನವಿಡೀ ಇದ್ದ ಸುದ್ದಿ ಬೆಳಿಗ್ಗೆ ಸಂಜೆಗೆ ಇಳಿಯಿತು. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಮಾಡಿದವನು ರೇಡಿಯೋದಲ್ಲಿ ಕೆಲಸ ಮಾಡಿದವನಲ್ಲ. ನಮ್ಮಲ್ಲಿ ಮೌನವಾದರೆ ಇಂಜಿನಿಯರಿಗೆ ಮೆಮೋ.

ಮ್ಯಾನೇಜರ್ ಕೆಟ್ಟವನಾಗಿರಲಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದದ್ದು. ಬೈಯಲು ಒಬ್ಬ ದುಷ್ಟನಾದರೂ ಸಿಕ್ಕಿದ್ದರೆ ಹಗುರವಾಗುತ್ತಿತ್ತು. ಅವನೂ ಒಂದು ಕಾಲದಲ್ಲಿ ಮಳೆಯಲ್ಲಿ ನಿಂತು ವರದಿ ಮಾಡಿದವನೇ. ಮೀಟಿಂಗಿನಲ್ಲಿ ತಲೆ ತಗ್ಗಿಸಿಕೊಂಡು, ಸುದ್ದಿ ಎಲ್ಲರ ಜೇಬಿನಲ್ಲೇ ಇದೆ, ನಾವು ಹೇಳುವ ಹೊತ್ತಿಗೆ ಅದು ಹಳಸಿರುತ್ತದೆ ಎನ್ನುತ್ತಿದ್ದ. ಮೀಟಿಂಗು ಮುಗಿದ ಮೇಲೆ ಎಲ್ಲರೂ ಅದೇ ತಣ್ಣಗಾದ ಮಂದಾಜಿ ಬನ್ನು ತಿಂದು, ಅದೇ ಜಾಗಕ್ಕೆ ಹೋಗಿ ಕೂರುತ್ತಿದ್ದೆವು. ನನ್ನ ಜೀವನದ ಎಷ್ಟೋ ಮಧ್ಯಾಹ್ನಗಳು ಹಾಗೇ ಹೋದವು.

ಸುದ್ದಿ ಗಿಡ್ಡವಾದಂತೆ ಮೊದಲು ಕತ್ತರಿ ಬಿದ್ದದ್ದು ಹೆಸರುಗಳಿಗೆ. ಇಷ್ಟು ಮಂದಿ ಸತ್ತರು, ಅಷ್ಟು ಮಂದಿಗೆ ಗಾಯ, ಮುಂದಿನ ಹಾಡು. ಮೇಡಂ ಒಂದೊಂದು ಹೆಸರಿಗೂ ಜಗಳವಾಡಿದರು. ದನಿ ಏರಿಸದ ಜಗಳ, ಬಾಗಿಲಲ್ಲಿ ನಿಂತು ಅಲ್ಲಾಡದೆ ಮಾಡುವ ಜಗಳ. ನನಗೆ ಆಗಾಗ ರೇಗುತ್ತಿತ್ತು. ಊರೇ ಹೊತ್ತಿ ಉರಿಯುವಾಗ ಇವರು ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದಾರಲ್ಲ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಊರಾಚೆಯ ಹೆದ್ದಾರಿಯಲ್ಲಿ ಮಟಾಟು ಮಗುಚಿತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಸತ್ತವರ ಹೆಸರುಗಳು ಬಂದವು, ಮನೆಯವರಿಗೆಲ್ಲ ತಿಳಿಸಿಯಾಗಿದೆ ಎಂದೂ ಹೇಳಿದರು. ಆ ಕಾಲಕ್ಕಾಗಲೇ ನಮ್ಮ ಸಂಜೆಯ ಬುಲೆಟಿನ್ ಎರಡು ನಿಮಿಷಕ್ಕೆ ಇಳಿದಿತ್ತು. ಎರಡು ನಿಮಿಷ ಆದೊಡನೆ ಕಂಪ್ಯೂಟರು ತಾನಾಗಿ ಮೈಕು ಕಡಿದು ಜಾಹೀರಾತು ಹಾಕುತ್ತಿತ್ತು. ಮ್ಯಾನೇಜರ್ ಸಂಖ್ಯೆ ಹೇಳಿದರೆ ಸಾಕು ಎಂದ. ಸಂಖ್ಯೆ ಹೇಳಿದರೆ ಯಾರ ತಾಯಿ ತಿರುಗಿ ನೋಡುತ್ತಾಳೆ ಎಂದು ಮೇಡಂ ಕೇಳಿದರು. ಅವನು, ಆಗಲಿ, ಎರಡು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಎಂದು ಹೊರಟುಹೋದ.

ಟೈಲರಿಗೆ ಫೋನಾಯಿತು, ಮೇಷ್ಟರಿಗೆ ಫೋನಾಯಿತು. ಞಂಬುರಾ ಬೇರೆ ಸುದ್ದಿಯನ್ನೆಲ್ಲ ಬಿಟ್ಟು ನೇರ ಹೆಸರುಗಳಿಗೇ ಬಂದಳು. ಮೇಡಂ ಗುಂಡಿ ಒತ್ತಿ ಹೇಳುತ್ತ ಹೋದರು, ಅವಳು ಹೇಳುತ್ತ ಬಂದಳು. ಅವಸರವಿಲ್ಲ. ಸಮಯ ಮುಗಿಯುತ್ತ ಬಂದರೂ ಹೆಸರು ಮುಗಿದಿರಲಿಲ್ಲ. ಮೇಡಂ ಗುಂಡಿಯಿಂದ ಕೈ ತೆಗೆಯದೆ ನನ್ನ ಕಡೆ ನೋಡಿದರು. ಕೇಳಿಕೊಂಡ ನೋಟವಲ್ಲ, ಉಪ್ಪು ಕೊಡಿ ಎಂದು ಕೈ ಚಾಚಿದಂಥ ನೋಟ. ನಾನು ಕಂಪ್ಯೂಟರಿನ ದಾರಿ ಬಂದ್ ಮಾಡಿ, ಮೈಕನ್ನು ಕೈಯಲ್ಲೇ ತೆರೆದು ಹಿಡಿದೆ. ಎಲ್ಲ ಹೆಸರೂ ಹೋಯಿತು. ಆಮೇಲೆ ಬೆಟ್ಟಿಂಗ್ ಜಾಹೀರಾತು, ಆಮೇಲೆ ಹಾಡು. ನನಗೆ ಮೆಮೋ ಬಂತು. ಕೈಯಿಂದ ಹಿಡಿಯಲು ಆಗದ ಹಾಗೆ ವ್ಯವಸ್ಥೆಯನ್ನೂ ಬದಲಾಯಿಸಿದರು.

ಅಂದು ಬುಲೆಟಿನ್ ಮುಗಿದ ಸ್ವಲ್ಪ ಹೊತ್ತಿಗೆ ಸುದ್ದಿಮನೆಗೆ ಒಂದು ಫೋನು ಬಂತು. ಬೇರೆ ಊರಿನಲ್ಲಿದ್ದ ಹೆಂಗಸು. ತೀರಿಕೊಂಡವರಲ್ಲಿ ಒಬ್ಬ ಅವಳ ತಮ್ಮ. ತಂದೆತಾಯಿಗೆ ತಿಳಿಸಿದ್ದರು, ಇವಳಿಗೆ ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡಿದ್ದಳು. ಮೇಡಂ ಫೋನು ಹಿಡಿದು, ಪೋಲೆ ಸಾನಾ, ಪೋಲೆ ಸಾನಾ ಎಂದಷ್ಟೇ ಹೇಳುತ್ತಿದ್ದರು, ಬಹಳ ಹೊತ್ತು. ಫೋನಿಟ್ಟ ಮೇಲೆ ಫ್ಲಾಸ್ಕು ತೆರೆದರು, ಚಹಾ ಬಗ್ಗಿಸಲಿಲ್ಲ.

“ನಾವು ಸರಿಯಾಗಿ ಹೇಳಿದ್ದಕ್ಕೇ ಅವಳಿಗೆ ಗೊತ್ತಾಯ್ತು. ತಪ್ಪು ಹೇಳಿದ್ದಿದ್ರೆ ಅವಳ ತಮ್ಮ ಇನ್ನೊಂದ್ ದಿನ ಬದುಕಿರ್ತಿದ್ದ ಅಲ್ವಾ,” ಎಂದರು.

ಮರುದಿನ ಅವರು ಎಂದಿನಂತೆ ಬಂದು, ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಅಂದಿನ ಸುದ್ದಿಯಲ್ಲಿ ಬರೆಯಲು ಒಂದೂ ಹೆಸರಿರಲಿಲ್ಲ.

ಆ ವರ್ಷದ ಕೊನೆಯೊಳಗೆ ಸುದ್ದಿ ರೇಡಿಯೋ ಹೋಗಿ ಹಾಡಿನ ರೇಡಿಯೋ ಆಯಿತು. ಹೊಸ ಹೆಸರು, ಗೋಡೆಗೆ ಕಿತ್ತಳೆ ಬಣ್ಣ. ಸುದ್ದಿಮನೆಯ ಗಾಜು ಒಡೆದು ಅಲ್ಲಿ ಸೋಫಾ ಹಾಕಿದರು, ಹುಡುಗರು ಕೂತು ನಗೆಚಾಟಿಕೆ ಮಾಡುತ್ತಾರೆ. ಟ್ರಾನ್ಸ್‌ಮಿಟರಿಗೆ ಹಾಡೂ ಒಂದೇ, ಸಾವೂ ಒಂದೇ, ಅದನ್ನು ನೋಡಿಕೊಳ್ಳುವವನೊಬ್ಬ ಬೇಕಲ್ಲ, ನಾನು ಉಳಿದುಕೊಂಡೆ. ಞಂಬುರಾ ಹೋದಳು. ಈಗ ಅವಳು ಒಂದು ಬ್ಯಾಂಕಿನ ಫೋನಿನಲ್ಲಿದ್ದಾಳೆ. ಇಂಗ್ಲಿಷಿಗೆ ಒಂದು ಒತ್ತಿ, ಸ್ವಾಹಿಲಿಗೆ ಎರಡು ಒತ್ತಿ ಎನ್ನುವುದು ಅವಳ ದನಿ. ನಾನು ಕೆಲವೊಮ್ಮೆ ಕೆಲಸವಿಲ್ಲದಿದ್ದರೂ ಅದಕ್ಕೆ ಫೋನು ಮಾಡಿ ಕೇಳಿದ್ದುಂಟು.

ಮೇಡಂಗೆ ಬೀಳ್ಕೊಡುಗೆಯ ಕೇಕು ತಂದಿದ್ದರು. ಅದರ ಮೇಲೆ ಕೆನೆಯಲ್ಲಿ ಬರೆದ ಹೆಸರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ತಪ್ಪಿತ್ತು. ತಂದವನ ಮುಖ ಸಣ್ಣದಾಯಿತು. ಮೇಡಂ ಚಾಕುವಿನಿಂದ ಸರಿಯಾಗಿ ಆ ಅಕ್ಷರವಿದ್ದ ತುಂಡನ್ನೇ ಕತ್ತರಿಸಿ ಬಾಯಿಗೆ ಹಾಕಿಕೊಂಡು, ಈಗ ಸರಿಹೋಯಿತು ಎಂದರು. ಎಲ್ಲರೂ ನಕ್ಕೆವು. ಙಾಙಾ ಗೇಟಿನವರೆಗೆ ಅವರ ಚೀಲ ಹಿಡಿದುಕೊಂಡು ಹೋದ.

ಆಮೇಲೆ ಶನಿವಾರಗಳಲ್ಲಿ ನ್ಗಾರಾ ಕಡೆ ಹೋದಾಗ ಅವರ ಫ್ಲ್ಯಾಟಿಗೆ ಹೋಗಿಬರುತ್ತಿದ್ದೆ. ಕೆಳಗೆ ಸಗಟು ಅಂಗಡಿಗಳು, ಕೈಗಾಡಿಯವರ ಕೂಗಾಟ, ಮೆಟ್ಟಿಲ ತುಂಬ ಜೀರಿಗೆಯ ವಾಸನೆ. ಅನು ಅಮ್ಮನ ಜೊತೆಯಲ್ಲೇ ಇದ್ದಳು, ಗಿಗಿರಿಯ ಯಾವುದೋ ಕಚೇರಿಯಲ್ಲಿ ಕೆಲಸ. ಅಡಿಗೆಮನೆಯ ಕಿಟಕಿಯಲ್ಲಿ ರೇಡಿಯೋ ನಮ್ಮ ಸ್ಟೇಷನ್ನಿಗೇ ಹಾಕಿರುತ್ತಿತ್ತು. ಆ ಹಾಡುಗಳು ಮೇಡಂಗೆ ಕಿಂಚಿತ್ತೂ ಇಷ್ಟವಿಲ್ಲ. ಗಂಟೆಗೊಮ್ಮೆ ಬರುವ ಚೂರು ಸುದ್ದಿಗಾಗಿ ಅಷ್ಟೂ ಹಾಡು ಸಹಿಸುತ್ತಿದ್ದರು. ಆ ಚೂರನ್ನೂ ಈಗ ಮನುಷ್ಯರು ಓದುವುದಿಲ್ಲ, ಕಂಪ್ಯೂಟರಿನ ದನಿ. ಒಂದು ಶನಿವಾರ ಅದರ ಬಾಯಲ್ಲಿ ಙಾಙಾ ಎಂಬ ಯಾರದೋ ಹೆಸರು ನಾಗ್ ಆಂಗ್ ಆ ಎಂದು ಮೂರು ತುಂಡಾಗಿ ಬಂತು. ಮೇಡಂ ಚಪಾತಿ ಲಟ್ಟಿಸುತ್ತಲೇ ಲಟ್ಟಣಿಗೆ ಎತ್ತಿ ರೇಡಿಯೋಗೆ ತೋರಿಸಿ, ಙಾಙಾ ಎಂದು ತಿದ್ದಿದರು. ಹುಟ್ಟುಗುಣ, ಏನು ಮಾಡುವುದು. ಅಮ್ಮ ಇಡೀ ದಿನ ಅದರ ಜೊತೆ ಜಗಳವಾಡುತ್ತಾರೆ ಎಂದು ಅನು ಇಂಗ್ಲಿಷಿನಲ್ಲಿ ದೂರಿದಳು.

ಈ ದನಿಗೆ ಕಲಿಸಲು ಬರುವುದಿಲ್ಲವೇ ಎಂದು ಮೇಡಂ ನನ್ನನ್ನು ಕೇಳಿದರು. ಕಲಿಸಬಹುದು, ಆದರೆ ಯಾರಿಗೆ ಬೇಕು ಎಂದೆ. ಹೌದು ಬಿಡಿ ಎಂದು ಚಪಾತಿ ಮಗುಚಿದರು. ಆ ದಿನ ಅವರು ಮೊದಲ ಬಾರಿಗೆ ಮುದುಕಿಯ ಹಾಗೆ ಕಂಡರು. ಬರುವಾಗ ಮಟಾಟುವಿನಲ್ಲಿ ಕೂತು ನನಗೆ ಅಳು ಬಂತು.

ಕಾಯಿಲೆ ಹೆಚ್ಚು ದಿನ ಕಾಡಲಿಲ್ಲ. ಅಂತ್ಯಕ್ರಿಯೆಯಾದ ಮೇಲೆ ನ್ಗಾರಾದ ಒಂದು ಸಮಾಜದ ಹಾಲಿನಲ್ಲಿ ಪ್ರಾರ್ಥನೆ ಇಟ್ಟಿದ್ದರು. ಟೈಲರ್ ಬಂದಿದ್ದ, ಬಟ್ಟೆ ವ್ಯಾಪಾರಿ ಬಂದಿದ್ದ, ಸೌತ್ ಬಿಯ ಮೇಷ್ಟರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಎಷ್ಟೋ ವರ್ಷ ಫೋನಿನಲ್ಲೇ ಹೆಸರು ಹೇಳಿಕೊಟ್ಟ ಅವರಲ್ಲಿ ಇಬ್ಬರು ಮೇಡಂ ಮುಖ ನೋಡಿದ್ದು ಅಲ್ಲಿ ಹಾರ ಹಾಕಿದ್ದ ಫೋಟೋದಲ್ಲೇ. ಙಾಙಾ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಉತ್ತರ ಭಾರತದ ಪಂಡಿತರು ಮಂತ್ರದ ನಡುವೆ ಹೆಸರು ಹೇಳಿದರು, ಲ ಎಂದರು. ಅನು ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಿದಳು, ಅವಳೂ ಲ ಎಂದಳು. ಮೇಡಂ ಇದ್ದಿದ್ದರೆ ಬಿಡಿ ಎನ್ನುತ್ತಿದ್ದರು. ನನಗೆ ಮಾತ್ರ ಬಿಡಲು ಆಗಲಿಲ್ಲ. ಸತ್ತವರ ಹೆಸರಿಗೆ ಅಷ್ಟು ಬಡಿದ ಜೀವ, ಅವರದೇ ಹೆಸರನ್ನು ತಪ್ಪಾಗಿ ಹೊತ್ತುಕೊಂಡು ಹೋಗಬೇಕೇ ಎಂದು ಸಂಕಟವಾಯಿತು.

ಹಳೇ ಸ್ಟೇಷನ್ನಿನವರ ಪರವಾಗಿ ಞಂಬುರಾ ಮಾತಾಡುವುದೆಂದಾಗಿತ್ತು. ಅವಳು ನನ್ನ ತೋಳು ಹಿಡಿದು ಹೊರಗೆ ಚಪ್ಪಲಿ ಬಿಟ್ಟ ಜಾಗಕ್ಕೆ ಕರೆದುಕೊಂಡು ಹೋದಳು. ಮಾಮಾ ಎಂದೇ ಕರೆದುಕೊಂಡು ಬಂದೆವು, ಇವತ್ತು ಹೆಸರು ಹೇಳಬೇಕು, ಅದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದಳು. ಳ ಹೇಳಿಕೊಡಲು ನೋಡಿದೆ. ನಾಲಗೆ ಹಿಂದಕ್ಕೆ ಮಡಚು, ಅಂಗುಳಕ್ಕೆ ತಾಗಿಸು ಎಂದೆ. ಒಮ್ಮೆ ಲ ಬಂತು, ಒಮ್ಮೆ ರ ಬಂತು. ಕಲಿಸುವುದು ಬೇಡ, ಮಾಮಾ ಮಾಡುತ್ತಿದ್ದ ಹಾಗೆ ಮಾಡಿ, ಹಿಂದೆ ನಿಂತು ಕಿವಿಯಲ್ಲಿ ಹೇಳಿ ಎಂದಳು. ಆಗ ಹೊಳೆಯಿತು, ಇಷ್ಟು ವರ್ಷದಲ್ಲಿ ಆ ಹೆಸರನ್ನು ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ಅವರು ಮೇಡಂ.

ಮೈಕು ಹಾಲಿನ ಹಿಂಭಾಗದಲ್ಲಿ, ಬಾಗಿಲ ಪಕ್ಕದಲ್ಲಿತ್ತು. ಅನು ನಮಗೆ ಬೆನ್ನು ಹಾಕಿ ಮುಂದೆ ಕೂತು, ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಞಂಬುರಾ ಶುರು ಮಾಡಿದಳು. ಅದೇ ತಣ್ಣನೆಯ ದನಿ, ಎಷ್ಟೋ ದಿನಗಳ ಮೇಲೆ ಸುದ್ದಿ ಓದುವ ದನಿ. ನಮ್ಮೆಲ್ಲರ ಹೆಸರು ಕಾದವರು ತೀರಿಕೊಂಡಿದ್ದಾರೆ, ಅವರ ಹೆಸರು ಎಂದಳು. ನಾನು ಒಂದು ಉಸಿರಿನಷ್ಟು ಮುಂಚೆ ಅವಳ ಕಿವಿಯಲ್ಲಿ ಹೇಳಿದೆ. ಅವಳು ಹೇಳಿದಳು. ಳ ಸರಿಯಾಗಿ ಬಂತು, ಮೈಸೂರಿನ ಯಾವುದೋ ಜಗಲಿಯಿಂದ ಕೂಗಿದ ಹಾಗೆ ಬಂತು.

ಅನು ಥಟ್ಟನೆ ತಿರುಗಿದಳು. ಞಂಬುರಾಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ನಮ್ಮ ಹಿಂದಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಙಾಙಾ ಒಬ್ಬನೇ ಇದ್ದ. ಎಲ್ಲ ಮುಗಿದ ಮೇಲೆ ಅವಳ ಹತ್ತಿರ ಹೋದೆ. ನಾನು ಬಲ್ಲಂತೆ ಒಮ್ಮೆಯೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹೇಳಿದಳು:

“ಅಪ್ಪ ಕರೆದ ಹಾಗಾಯ್ತು.”